ನೂರ ಮೂವತ್ತೊಂದರ ಲೆಕ್ಕ: ರಾಷ್ಟ್ರಪತಿ ಚುನಾವಣೆಯಲ್ಲಿ ರಾಜ್ಯಗಳ ಪಾಲು



1952ರ ಮೇ 2ರಂದು ಭಾರತದ ಮೊದಲ ರಾಷ್ಟ್ರಪತಿ ಚುನಾವಣೆ ನಡೆಯಿತು. ಆಗ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಹನೂರೂ ಮಹದೇಶ್ವರ ಬೆಟ್ಟವೂ ಅದರೊಳಗೇ ಇದ್ದವು. ಪಕ್ಕದ ಯಳಂದೂರು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದಿದ್ದ ಸೀಮೆ, ಮೈಸೂರು ರಾಜ್ಯದ್ದು. ಹೀಗಾಗಿ ಕೊಳ್ಳೇಗಾಲದ ಕಡೆಯ ಶಾಸಕರು ಮದ್ರಾಸ್ ವಿಧಾನಸಭೆಯ ಸದಸ್ಯರಾಗಿ ಮತ ಹಾಕಿದರೆ, ಯಳಂದೂರಿನ ಕಡೆಯವರು ಮೈಸೂರಿನ ಲೆಕ್ಕದಲ್ಲಿ ಹಾಕಿದರು. ಕುರ್ಚಿ ಒಂದೇ, ಅಭ್ಯರ್ಥಿಗಳೂ ಅವರೇ. ಆದರೆ ಮತದ ತೂಕವನ್ನು ಎರಡು ರಾಜ್ಯಗಳ ಎರಡು ಜನಸಂಖ್ಯೆಗಳಿಂದ ಬೇರೆ ಬೇರೆಯಾಗಿ ತೆಗೆಯಲಾಗಿತ್ತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಮರುವರ್ಷದ ರಾಷ್ಟ್ರಪತಿ ಚುನಾವಣೆಯ ಹೊತ್ತಿಗೆ ಈ ಎರಡು ನೆರೆಯೂರುಗಳ ತೂಕ ಒಂದಾಗಿತ್ತು. ಜನ ಇದ್ದಲ್ಲೇ ಇದ್ದರು, ಗಡಿ ಸರಿದಿತ್ತು.

ಈ ಉಪನ್ಯಾಸದ ವಿಷಯ ಆ ತೂಕ. ರಾಷ್ಟ್ರಪತಿಯ ಆಯ್ಕೆ ವಿಧಾನ ಸುಧಾರಿಸಬೇಕು ಎನ್ನುವವರಲ್ಲಿ ಹೆಚ್ಚಿನವರು, ಜನರೇ ನೇರವಾಗಿ ಆರಿಸಲಿ ಎನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಯಾಕೆಂಬುದನ್ನು ಮುಂದೆ ಹೇಳುತ್ತೇನೆ. ನಮ್ಮ ವ್ಯವಸ್ಥೆ ರಾಜ್ಯಗಳಿಗೆ ಅರ್ಧ ಪಾಲು ಕೊಟ್ಟಿದ್ದೇನೆ ಎನ್ನುತ್ತದೆ. ಆ ಅರ್ಧ ಪಾಲು ಎಷ್ಟರ ಮಟ್ಟಿಗೆ ನಿಜವಾಗಿಯೂ ರಾಜ್ಯಗಳದು ಎಂದು ಕೇಳುವುದು ನನ್ನ ಉದ್ದೇಶ. ನೇರ ಚುನಾವಣೆಯ ಚರ್ಚೆಗಿಂತ ಇದು ತುರ್ತಿನದು. ಯಾಕೆಂದರೆ ಯಾರೂ ಏನೂ ಮಾಡದೆ ಸುಮ್ಮನಿದ್ದರೂ ಈ ಲೆಕ್ಕ ಕೆಲವೇ ವರ್ಷಗಳಲ್ಲಿ ತಾನಾಗಿಯೇ ಬದಲಾಗಲಿದೆ.

ಮೊದಲು ಲೆಕ್ಕವನ್ನೇ ನೋಡೋಣ. ಸಂವಿಧಾನದ 54ನೆಯ ವಿಧಿಯ ಪ್ರಕಾರ ರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಎರಡೂ ಸದನಗಳ ಚುನಾಯಿತ ಸದಸ್ಯರು ಮತ್ತು ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರು. 1992ರ ಎಪ್ಪತ್ತನೆಯ ತಿದ್ದುಪಡಿಯಿಂದ ದೆಹಲಿ ಮತ್ತು ಪುದುಚೇರಿಯ ಶಾಸಕರೂ ಸೇರಿಕೊಂಡರು. ನಾಮಕರಣಗೊಂಡವರಿಗೆ ಮತವಿಲ್ಲ. ನಮ್ಮ ವಿಧಾನ ಪರಿಷತ್ತಿನ 75 ಸದಸ್ಯರಿಗೂ ಇಲ್ಲ, ಏಕೆಂದರೆ ಮೇಲ್ಮನೆ ಎಲ್ಲ ರಾಜ್ಯಗಳಲ್ಲೂ ಇಲ್ಲ. ಇನ್ನು 55ನೆಯ ವಿಧಿ ತೂಕ ಹಾಕುವ ಕ್ರಮವನ್ನು ಹೇಳುತ್ತದೆ. 1971ರ ಜನಗಣತಿಯಲ್ಲಿ ನಮ್ಮ ರಾಜ್ಯದ, ಅಂದರೆ ಆಗಿನ್ನೂ ಮೈಸೂರು ಎಂಬ ಹೆಸರಿನಲ್ಲಿದ್ದ ರಾಜ್ಯದ ಜನಸಂಖ್ಯೆ 2,92,99,014. ವಿಧಾನಸಭೆಯ ಸ್ಥಾನಗಳು 224. ಭಾಗಿಸಿದರೆ ಒಬ್ಬ ಶಾಸಕರ ಪಾಲಿಗೆ 1,30,799 ಜನ ಬರುತ್ತಾರೆ. ಅದನ್ನು ಮತ್ತೆ ಸಾವಿರದಿಂದ ಭಾಗಿಸಬೇಕು. ಐನೂರಕ್ಕೆ ಕಡಿಮೆಯಿಲ್ಲದ ಶೇಷ ಉಳಿದರೆ ಒಂದು ಸೇರಿಸಬೇಕು. ಬಂದ ಉತ್ತರ 131. ಕೊಳ್ಳೇಗಾಲದ ಶಾಸಕರ ಮತಕ್ಕೂ ಹನೂರಿನ ಶಾಸಕರ ಮತಕ್ಕೂ ಬೆಂಗಳೂರಿನ ಯಾವುದೇ ಶಾಸಕರ ಮತಕ್ಕೂ ಅದೇ ಬೆಲೆ. ಉತ್ತರ ಪ್ರದೇಶದಲ್ಲಿ ಈ ಸಂಖ್ಯೆ 208, ತಮಿಳುನಾಡಿನಲ್ಲಿ 176, ಕೇರಳದಲ್ಲಿ 152, ಸಿಕ್ಕಿಮಿನಲ್ಲಿ 7.

ಎಲ್ಲ ರಾಜ್ಯಗಳ ಶಾಸಕರ ಮತಮೌಲ್ಯವನ್ನು ಕೂಡಿಸಿ, ಬಂದ ಮೊತ್ತವನ್ನು ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬ ಸಂಸದರ ಮತದ ಬೆಲೆ ಸಿಗುತ್ತದೆ. 2022ರಲ್ಲಿ ಶಾಸಕರ ಒಟ್ಟು 5,43,231 ಇತ್ತು. 776 ಸಂಸದರಿಗೆ ಹಂಚಿದಾಗ ತಲಾ 700 ಬಂತು. ಹೀಗೆ ಒಕ್ಕೂಟದ ಕಡೆ ಅರ್ಧ, ರಾಜ್ಯಗಳ ಕಡೆ ಅರ್ಧ. ಕರ್ನಾಟಕದ 224 ಶಾಸಕರದು 29,344, ನಮ್ಮ 28 ಲೋಕಸಭಾ ಮತ್ತು 12 ರಾಜ್ಯಸಭಾ ಸದಸ್ಯರದು 28,000; ಒಟ್ಟು 57,344. ಇಡೀ ಮತದಾರ ಮಂಡಲದ 10,86,431ರಲ್ಲಿ ಇದು ನೂರಕ್ಕೆ ಐದೂಕಾಲು ಪಾಲಿಗಿಂತ ತುಸು ಹೆಚ್ಚು. ಆ ಚುನಾವಣೆಯಲ್ಲಿ ದ್ರೌಪದಿ ಮುರ್ಮು ಅವರಿಗೆ 6,76,803, ಯಶವಂತ ಸಿನ್ಹಾ ಅವರಿಗೆ 3,80,177 ಮತಮೌಲ್ಯ ಬಂದಿತ್ತು.

ಈ 131 ಯಾರ ಕೈಗೆ ಹೋಗುತ್ತದೆ ಎಂಬುದನ್ನು ತೀರ್ಮಾನಿಸುವವರು ನೀವು. ಎಷ್ಟು ಕೂದಲೆಳೆಯಲ್ಲಿ ತೀರ್ಮಾನವಾಗಬಹುದು ಎಂಬುದಕ್ಕೆ ದೇಶವೇ ನೆನೆಯುವ ಉದಾಹರಣೆ ಈ ಸೀಮೆಯದು. 2004ರ ವಿಧಾನಸಭಾ ಚುನಾವಣೆಯಲ್ಲಿ, ಯಳಂದೂರು ಸೇರಿದ್ದ ಆಗಿನ ಸಂತೇಮರಹಳ್ಳಿ ಕ್ಷೇತ್ರದಲ್ಲಿ, ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಮತದ ಅಂತರ. ಅದೇ ವಿಧಾನಸಭೆಯ ಸದಸ್ಯರು 2007ರ ರಾಷ್ಟ್ರಪತಿ ಚುನಾವಣೆಯ ಮತದಾರರೂ ಆಗಿದ್ದರು. ಯಾವುದೋ ಹಳ್ಳಿಯ ಒಬ್ಬರ ಮತ 131 ಮತಮೌಲ್ಯ ಯಾರದೆಂದು ಗೊತ್ತುಮಾಡಿತ್ತು. ಸಂತೇಮರಹಳ್ಳಿ ಕ್ಷೇತ್ರ 2008ರ ಪುನರ್ವಿಂಗಡಣೆಯಲ್ಲಿ ಹೋಯಿತು. ಯಳಂದೂರು ಕೊಳ್ಳೇಗಾಲ ಮೀಸಲು ಕ್ಷೇತ್ರಕ್ಕೆ ಸೇರಿತು.

ಇಷ್ಟೆಲ್ಲ ಲೆಕ್ಕ ನಮಗೇಕೆ, ರಬ್ಬರ್ ಸ್ಟಾಂಪಿಗೆ ಇಷ್ಟು ಚರ್ಚೆ ಯಾಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಮೂಲಸೌಕರ್ಯವಿಲ್ಲ ಎಂದು 2024ರ ಲೋಕಸಭಾ ಚುನಾವಣೆಯಲ್ಲಿ ಮತದಾನ ಬಹಿಷ್ಕರಿಸಿದ, ಮತಯಂತ್ರ ಒಡೆದು ಮೂರೇ ದಿನಕ್ಕೆ ಮರುಮತದಾನ ಕಂಡ ಇಂಡಿಗನತ್ತ ಹನೂರು ತಾಲ್ಲೂಕಿನದೇ ಊರು. ತಮ್ಮೂರಿಗೆ ರಸ್ತೆ ತರದ ಮತವೇ ದಂಡ ಎಂದವರಿಗೆ ದೆಹಲಿಯ ರೈಸಿನಾ ಗುಡ್ಡದ ರಾಷ್ಟ್ರಪತಿ ಭವನ ಎಷ್ಟು ದೂರದ್ದೆಂದು ಯಾರಾದರೂ ಊಹಿಸಬಹುದು.

ಆದರೂ ಆ ಭವನದ ಅಂಕಿತ ಈ ಕಾಡಿನ ತನಕ ಬರುತ್ತದೆ. ಯಾವ ಸಮುದಾಯ ಪರಿಶಿಷ್ಟ ಪಂಗಡ, ಯಾವುದು ಪರಿಶಿಷ್ಟ ಜಾತಿ ಎಂಬ ಪಟ್ಟಿಗಳು ಹುಟ್ಟಿದ್ದು 341 ಮತ್ತು 342ನೆಯ ವಿಧಿಗಳ ಕೆಳಗೆ ರಾಷ್ಟ್ರಪತಿಯ ಆದೇಶದಿಂದ. ಆಮೇಲಿನ ಸೇರ್ಪಡೆ, ತೆಗೆತ ಸಂಸತ್ತಿನ ಕಾಯ್ದೆಯಿಂದ. ಬಿಳಿಗಿರಿರಂಗನ ಬೆಟ್ಟದ ಪೋಡುಗಳ ಸೋಲಿಗರು ಆ ಪಟ್ಟಿಯಲ್ಲಿದ್ದಾರೆ. ಕಣಿಯನ್ ಸಮುದಾಯದ ಹೆಸರಿನ ಮುಂದೆ ಕೊಳ್ಳೇಗಾಲ ತಾಲ್ಲೂಕು ಎಂದು ಹೆಸರಿಟ್ಟೇ ಬರೆಯಲಾಗಿದೆ. ಮದ್ರಾಸ್ ಕಾಲದ ಗಡಿಯ ಗುರುತು ಹಾಗೆ ಇನ್ನೂ ಉಳಿದಿದೆ.

ರಾಜ್ಯಗಳ ಮಟ್ಟಿಗೆ ಹೇಳುವುದಾದರೆ ಆ ಅಂಕಿತದ ಬೆಲೆ ಕನ್ನಡಿಗರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರಬೇಕು. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರ 356ನೆಯ ವಿಧಿಯಡಿ ವಜಾ ಆದದ್ದು ರಾಷ್ಟ್ರಪತಿಯ ಘೋಷಣೆಯಿಂದ. ಅದು ತಪ್ಪು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳುವಷ್ಟರಲ್ಲಿ 1994ರ ಮಾರ್ಚ್ ಬಂದಿತ್ತು. ಕೆ.ಆರ್. ನಾರಾಯಣನ್ ಅವರು 1997ರಲ್ಲಿ ಉತ್ತರ ಪ್ರದೇಶದ, 1998ರಲ್ಲಿ ಬಿಹಾರದ ವಿಷಯದಲ್ಲಿ ಇಂಥದೇ ಶಿಫಾರಸನ್ನು ಮರುಪರಿಶೀಲನೆಗೆ ಹಿಂದಕ್ಕೆ ಕಳಿಸಿದ್ದರು. ಕುರ್ಚಿ ಅದೇ, ಅಧಿಕಾರ ಅದೇ. ಕೂತವರ ಮನೋಧರ್ಮ ಬೇರೆ. ರಾಜ್ಯದ ಶಾಸನಸಭೆ ಒಪ್ಪಿದ ಮಸೂದೆಯನ್ನು ರಾಜ್ಯಪಾಲರು ರಾಷ್ಟ್ರಪತಿಯ ಪರಿಶೀಲನೆಗೆ ಕಾದಿರಿಸಿದರೆ ಅದರ ಹಣೆಬರಹವೂ ಅಲ್ಲೇ ತೀರ್ಮಾನವಾಗಬೇಕು. ಆದ್ದರಿಂದ ಆ ಕುರ್ಚಿಗೆ ಯಾರು ಬರಬೇಕೆಂಬುದರಲ್ಲಿ ರಾಜ್ಯಗಳ ಮಾತು ನಡೆಯಬೇಕು. ಮಂತ್ರಿಮಂಡಲದ ಸಲಹೆಯಂತೆ ನಡೆಯುವ ರಾಷ್ಟ್ರಪತಿಗೂ ಒಮ್ಮೆ ತಡೆದು, ಯೋಚಿಸಿ ಎನ್ನುವ ಅಧಿಕಾರವಿದೆ. ಅಷ್ಟು ಸಣ್ಣ ಅಧಿಕಾರವೇ ಒಂದು ಸರ್ಕಾರವನ್ನು ಉಳಿಸಬಲ್ಲದು.

ಈಗ ನೇರ ಚುನಾವಣೆಯ ಮಾತು. ಇದು ಹೊಸದೇನಲ್ಲ. ಸಂವಿಧಾನ ಸಭೆಯಲ್ಲಿ ಪ್ರೊ. ಕೆ.ಟಿ. ಷಾ ಅವರು ರಾಷ್ಟ್ರಪತಿಯನ್ನು ವಯಸ್ಕ ಮತದಾನದಿಂದಲೇ ಆರಿಸಬೇಕೆಂದು ಹಟ ಹಿಡಿದು ವಾದಿಸಿದರು, ಸೋತರು. 1952ರಲ್ಲಿ ತಾವು ಒಪ್ಪದ ಅದೇ ಪರೋಕ್ಷ ಚುನಾವಣೆಗೆ ರಾಜೇಂದ್ರ ಪ್ರಸಾದರ ಎದುರು ನಿಂತು, 92,827 ಮತಮೌಲ್ಯ ಪಡೆದರು. ಪ್ರಸಾದರಿಗೆ 5,07,400 ಬಂದಿತ್ತು. ನೆಹರೂ, ಅಂಬೇಡ್ಕರ್ ಮೊದಲಾದವರ ಉತ್ತರ ಸರಳವಾಗಿತ್ತು: ಅಧಿಕಾರ ಮಂತ್ರಿಮಂಡಲದ್ದು, ಇಡೀ ದೇಶದ ಜನರಿಂದ ಮತ ಪಡೆದು ಬಂದ ವ್ಯಕ್ತಿಗೆ ಆಮೇಲೆ ನಿಮಗೆ ಅಧಿಕಾರವಿಲ್ಲ ಎಂದರೆ ಅರ್ಥವಿಲ್ಲ. ನನಗೆ ಈ ಉತ್ತರ ಈಗಲೂ ಸರಿಯೆನಿಸುತ್ತದೆ. ಜೊತೆಗೆ ಇನ್ನೊಂದು ಕಾರಣವಿದೆ. ನೇರ ಚುನಾವಣೆಯಲ್ಲಿ ರಾಜ್ಯ ಎಂಬುದು ಲೆಕ್ಕದಿಂದಲೇ ಮಾಯವಾಗುತ್ತದೆ, ಬರಿಯ ತಲೆಯೆಣಿಕೆ ಉಳಿಯುತ್ತದೆ. ಅರ್ಜೆಂಟೀನಾ ಒಕ್ಕೂಟ ರಾಷ್ಟ್ರವಾಗಿದ್ದೂ 1994ರಲ್ಲಿ ತನ್ನ ಮತದಾರ ಮಂಡಲವನ್ನು ಕೈಬಿಟ್ಟು ನೇರ ಚುನಾವಣೆಗೆ ಹೋಯಿತು. ಆದರೆ ಅಲ್ಲಿ ಅಧ್ಯಕ್ಷರೇ ಸರ್ಕಾರ. ಅಮೆರಿಕದಲ್ಲೂ ಹಾಗೆಯೇ, 2000 ಮತ್ತು 2016ರಲ್ಲಿ ಹೆಚ್ಚು ಜನಮತ ಪಡೆದವರು ಅಲ್ಲಿ ಸೋತದ್ದಕ್ಕೆ ಎದ್ದ ಸಿಟ್ಟನ್ನು ನಮ್ಮ ವ್ಯವಸ್ಥೆಯ ಮೇಲೆ ತಂದು ಸುರಿಯುವುದು ತಪ್ಪಾಗುತ್ತದೆ.

ಸಂವಿಧಾನ ಸಭೆ ಸಂಸತ್ತೊಂದೇ ಆರಿಸಲಿ ಎಂದೂ ಹೇಳಬಹುದಿತ್ತು. ಹಾಗೆ ಮಾಡಿದ್ದರೆ ಲೋಕಸಭೆಯಲ್ಲಿ ಬಹುಮತವಿದ್ದ ಪಕ್ಷ ತನಗೆ ಬೇಕಾದವರನ್ನು ಕೂರಿಸಿಕೊಳ್ಳುತ್ತಿತ್ತು. ರಾಜ್ಯಗಳನ್ನು ಕರೆತಂದದ್ದು ಇದನ್ನು ತಡೆಯಲಿಕ್ಕೆ. ಉದ್ದೇಶ ಈಡೇರಿದೆಯೆ ಎಂದು ನೋಡಲು 1969ನ್ನು ಸ್ವಲ್ಪ ವಿವರವಾಗಿ ನೆನೆಯಬೇಕು. ಆ ಕಥೆ ಶುರುವಾದದ್ದೂ ನಮ್ಮ ಬೆಂಗಳೂರಿನಲ್ಲೇ.

ಆ ವರ್ಷ ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನ್ ತೀರಿಕೊಂಡರು. ಜುಲೈಯಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ (ಎಐಸಿಸಿ) ಅಧಿವೇಶನ ಸೇರಿದಾಗ ಕಾಂಗ್ರೆಸ್ ಸಂಸದೀಯ ಮಂಡಳಿ ಪ್ರಧಾನಿ ಇಂದಿರಾ ಗಾಂಧಿಯವರ ಇಚ್ಛೆಗೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿಯಾಗಿ ಆರಿಸಿತು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಉಪರಾಷ್ಟ್ರಪತಿ ವಿ.ವಿ. ಗಿರಿ ರಾಜೀನಾಮೆ ಕೊಟ್ಟು ಸ್ವತಂತ್ರರಾಗಿ ನಿಂತರು. ನಿಜಲಿಂಗಪ್ಪನವರು ಎರಡನೆಯ ಪ್ರಾಶಸ್ತ್ಯದ, ಅಂದರೆ ಮತಪತ್ರದಲ್ಲಿ ಎರಡನೆಯ ಆಯ್ಕೆಯೆಂದು ಗುರುತಿಸುವ ಮತಕ್ಕಾಗಿ ಜನಸಂಘ, ಸ್ವತಂತ್ರ ಪಕ್ಷಗಳ ನಾಯಕರ ಜತೆ ಮಾತಾಡಿದ್ದು ಇಂದಿರಾ ಬಣಕ್ಕೆ ಒಳ್ಳೆಯ ಅಸ್ತ್ರವಾಯಿತು. ಶಾಸಕರೂ ಸಂಸದರೂ ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂಬ ಕರೆ ಬಂತು. ಆಗಸ್ಟ್ 16ರಂದು ಮತದಾನ. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಸಿ.ಡಿ. ದೇಶಮುಖರಿಗೆ 1,12,769. ಗೆಲ್ಲಲು 4,18,169 ಬೇಕಿತ್ತು, ಯಾರೂ ಮುಟ್ಟಲಿಲ್ಲ. ಹಿಂದುಳಿದ ಅಭ್ಯರ್ಥಿಗಳನ್ನು ಒಬ್ಬೊಬ್ಬರನ್ನಾಗಿ ತೆಗೆದು ಅವರ ಎರಡನೆಯ ಪ್ರಾಶಸ್ತ್ಯ ಹಂಚುತ್ತ ಹೋದಾಗ ಗಿರಿ 4,20,077ಕ್ಕೆ ತಲುಪಿದರು, ರೆಡ್ಡಿ 4,05,427ರಲ್ಲಿ ನಿಂತರು. ಎರಡನೆಯ ಪ್ರಾಶಸ್ತ್ಯ ಎಣಿಸಿ ರಾಷ್ಟ್ರಪತಿ ಆರಿಸಿದ್ದು ಅದೊಂದೇ ಸಲ. ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ ಎರಡಾಗಿತ್ತು.

ಇಂದಿರಾ ಗಾಂಧಿಯವರ ರಾಜಕೀಯದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಆ ಸಲ ಶಾಸಕರು ಪಕ್ಷದ ಕಟ್ಟಪ್ಪಣೆ ಮೀರಬಲ್ಲವರಾದದ್ದು ಮತ ಗುಪ್ತವಾಗಿದ್ದುದರಿಂದ. ಈ ಚುನಾವಣೆಯಲ್ಲಿ ಪಕ್ಷ ವಿಪ್ ಕೊಡುವಂತಿಲ್ಲ. ಪಕ್ಷಾಂತರ ನಿಷೇಧದ ಶಿಕ್ಷೆಯೂ ಇಲ್ಲಿ ತಾಗದು. ಶಾಸಕರು ಗುಲಾಬಿ ಬಣ್ಣದ, ಸಂಸದರು ಹಸಿರು ಬಣ್ಣದ ಮತಪತ್ರದ ಮೇಲೆ ಚುನಾವಣಾ ಆಯೋಗ ಕೊಟ್ಟ ಪೆನ್ನಿನಿಂದಲೇ ಅಂಕಿ ಬರೆಯಬೇಕು. ಅಕ್ಷರದಲ್ಲಿ ಒಂದು ಎಂದು ಬರೆದರೆ ಮತ ಹಾಳು. ಅಂಕಿಯಲ್ಲಿ, ಬೇಕಾದರೆ ಕನ್ನಡದ ೧ ಎಂದೇ ಬರೆಯಬಹುದು. ರಾಜ್ಯಸಭೆಯ ಚುನಾವಣೆಯಲ್ಲಿ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿ ಹಾಕುವ ಪದ್ಧತಿ 2003ರಿಂದ ಬಂದಿದೆ. ಅದನ್ನು ಇಲ್ಲಿಗೂ ತರೋಣ ಎನ್ನುವವರಿದ್ದಾರೆ. ಅವರ ಕಡೆಗೂ ಒಂದು ನ್ಯಾಯವಿದೆ. ಕೊಳ್ಳೇಗಾಲ 2018ರಲ್ಲಿ ಬಿಎಸ್‌ಪಿ ಚಿಹ್ನೆಯ ಮೇಲೆ ಆರಿಸಿದ ಶಾಸಕರು 2022ರ ರಾಷ್ಟ್ರಪತಿ ಚುನಾವಣೆಯ ಹೊತ್ತಿಗೆ ಬಿಜೆಪಿಯಲ್ಲಿದ್ದರು. ಜನ ಒತ್ತಿದ ಗುಂಡಿಗೂ ಕೊನೆಗೆ ಬಿದ್ದ ಮತಕ್ಕೂ ನಡುವೆ ಏನಾಯಿತೆಂದು ಮತದಾರನಿಗೆ ಗೊತ್ತಾಗಬೇಡವೆ? ಆದರೂ ಗುಪ್ತಮತ ಉಳಿಯಲಿ ಎಂದೇ ನಾನು ಹೇಳುತ್ತೇನೆ. ಶಾಸಕರಿಗೆ ದೆಹಲಿಯ ಹಂಗಿಲ್ಲದೆ ಬರೆಯಲು ಉಳಿದಿರುವ ಕಾಗದ ಅದೊಂದೇ.

ಇನ್ನು ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. 1976ರ ನಲವತ್ತೆರಡನೆಯ ತಿದ್ದುಪಡಿ, ರಾಷ್ಟ್ರಪತಿ ಚುನಾವಣೆಗೆ ಜನಸಂಖ್ಯೆ ಎಂದರೆ 1971ರ ಜನಸಂಖ್ಯೆಯೇ ಎಂದು ಗೂಟ ಹೊಡೆಯಿತು. ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ನಡೆಸಿದ ರಾಜ್ಯಗಳು ಅದಕ್ಕಾಗಿ ದಂಡ ತೆರಬಾರದು ಎಂಬುದು ಕಾರಣ. 2001ರ ಎಂಬತ್ತನಾಲ್ಕನೆಯ ತಿದ್ದುಪಡಿ ಆ ಗೂಟವನ್ನು 2026ರ ನಂತರ ನಡೆಯುವ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವ ತನಕ ಮುಂದಕ್ಕೆ ಹಾಕಿತು. ಹೊಸ ಜನಗಣತಿಗೆ 2027ರ ಮಾರ್ಚ್ 1 ಉಲ್ಲೇಖ ದಿನಾಂಕವೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದೆ. ಅದರ ಅಂಕಿಗಳು ಪ್ರಕಟವಾದ ಮೇಲೆ ನಡೆಯುವ ಮೊದಲ ರಾಷ್ಟ್ರಪತಿ ಚುನಾವಣೆಯಲ್ಲಿ ನಮ್ಮ 131 ಹೋಗುತ್ತದೆ. ಅದಕ್ಕೆ ಯಾರ ಮಸೂದೆಯೂ ಬೇಕಿಲ್ಲ.

ಆಗ ಏನಾಗಬಹುದು ಎಂಬುದರ ಜಾಡು ತಿಳಿಯಲು 2011ರ ಅಂಕಿಗಳನ್ನು ಹಾಕಿ ನೋಡಬಹುದು. ರಾಜ್ಯಗಳ ಅರ್ಧದಲ್ಲಿ ಉತ್ತರ ಪ್ರದೇಶದ ಪಾಲು ನೂರಕ್ಕೆ 15.3ರಿಂದ 16.5ಕ್ಕೆ ಏರುತ್ತದೆ. ಬಿಹಾರ, ರಾಜಸ್ಥಾನ ತಲಾ ಒಂದೊಂದು ಪಾಲು ಮೇಲೇರುತ್ತವೆ. ತಮಿಳುನಾಡು 7.5ರಿಂದ 6ಕ್ಕೆ, ಕೇರಳ 3.9ರಿಂದ 2.8ಕ್ಕೆ ಇಳಿಯುತ್ತವೆ. ಕರ್ನಾಟಕದ್ದು 5.3ರಿಂದ ಸುಮಾರು 5.1, ಅಂದರೆ ನಮ್ಮ ನಷ್ಟ ತೀರಾ ಸಣ್ಣದು. ಇದನ್ನು ಮುಚ್ಚಿಟ್ಟು ಕನ್ನಡಿಗರಿಗೆ ಭಾರಿ ಅನ್ಯಾಯವಾಗಲಿದೆ ಎಂದು ಗುಲ್ಲೆಬ್ಬಿಸುವುದು ನನಗೆ ಬೇಕಿಲ್ಲ. ಪ್ರಶ್ನೆ ತತ್ತ್ವದ್ದು.

ಒಂದು ರಾಜ್ಯದ ಶಾಸಕರ ಒಟ್ಟು ಮತಮೌಲ್ಯ ಎಂದರೇನು? ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ ಅದೇ ಸಂಖ್ಯೆಯಿಂದ ಗುಣಿಸಿದರೆ ಬರುವುದು ಜನಸಂಖ್ಯೆಯ ಸಾವಿರದ ಒಂದಂಶ, ಅಷ್ಟೇ. ವಿಧಾನಸಭೆಯಲ್ಲಿ 224 ಮಂದಿ ಇರಲಿ, 300 ಮಂದಿ ಇರಲಿ, ಒಟ್ಟು ಬದಲಾಗದು. ರಾಜ್ಯಗಳ ಅರ್ಧ ಎನ್ನುವುದು ಹಾಗಾಗಿ ಜನಸಂಖ್ಯೆಯ ಇನ್ನೊಂದು ಹೆಸರು. ಸಂಸತ್ತಿನ ಅರ್ಧವಾದರೂ ಏನು? ಲೋಕಸಭೆಯ ಸ್ಥಾನ ಜನಸಂಖ್ಯೆಗೆ ತಕ್ಕಂತೆ. ನಮ್ಮಲ್ಲಿ ರಾಜ್ಯಸಭೆಯ ಸ್ಥಾನಗಳೂ ಬಹುಮಟ್ಟಿಗೆ ಜನಸಂಖ್ಯೆಯ ಏಣಿಯಲ್ಲೇ ನಿಂತಿವೆ. ಒಂದೇ ತಲೆಯನ್ನು ಎರಡು ಕಡೆ ಎಣಿಸಿ, ಒಂದು ಕಡೆ ಒಕ್ಕೂಟ, ಇನ್ನೊಂದು ಕಡೆ ರಾಜ್ಯ ಎಂದು ಹೆಸರಿಟ್ಟಿದ್ದೇವೆ. ಪುನರ್ವಿಂಗಡಣೆಯಿಂದ ಲೋಕಸಭೆಯ ಸ್ಥಾನಗಳು ಜನಸಂಖ್ಯೆಯಂತೆ ಮರುಹಂಚಿಕೆಯಾದರೆ ಎರಡೂ ಅರ್ಧಗಳು ಒಟ್ಟಿಗೆ ಒಂದೇ ದಿಕ್ಕಿಗೆ ವಾಲುತ್ತವೆ.

ಬೇರೆ ದೇಶಗಳು ಏನು ಮಾಡಿವೆ? ಜರ್ಮನಿಯ ಮತದಾರ ಮಂಡಲ ನಮ್ಮದಕ್ಕೆ ತುಂಬ ಹತ್ತಿರದ್ದು: ಕೆಳಮನೆಯ ಸದಸ್ಯರು, ಅವರಷ್ಟೇ ಸಂಖ್ಯೆಯ ರಾಜ್ಯ ಪ್ರತಿನಿಧಿಗಳು. ಪ್ರತಿನಿಧಿಗಳು ಶಾಸಕರೇ ಆಗಬೇಕೆಂದಿಲ್ಲ. ಹಂಚಿಕೆ ಮಾತ್ರ ಅಲ್ಲೂ ಜನಸಂಖ್ಯೆಯ ಪ್ರಕಾರ. ನೆರೆಯ ಪಾಕಿಸ್ತಾನ ಇನ್ನೊಂದು ತುದಿಗೆ ಹೋಗಿದೆ. ಅಲ್ಲಿ ಪ್ರತಿ ಪ್ರಾಂತೀಯ ಸಭೆಯ ಮತವನ್ನೂ ಅತಿ ಚಿಕ್ಕದಾದ ಬಲೂಚಿಸ್ತಾನದ ಸಭೆಯ 65 ಸ್ಥಾನಗಳಿಗೆ ಇಳಿಸಿ ಲೆಕ್ಕ ಹಾಕುತ್ತಾರೆ. ದೊಡ್ಡ ಪಂಜಾಬಿಗೂ ಚಿಕ್ಕ ಬಲೂಚಿಸ್ತಾನಕ್ಕೂ ಸಮ ತೂಕ. ಅಲ್ಲಿನ ಪ್ರಜಾಪ್ರಭುತ್ವದ ಇತಿಹಾಸ ಏನೇ ಇರಲಿ, ಈ ಒಂದು ನಿಯಮ ಯೋಚನೆಗೆ ಹಚ್ಚುವಂಥದು. ಆದರೆ ಅದನ್ನು ಇಲ್ಲಿ ನೆಟ್ಟರೆ ಸಿಕ್ಕಿಮಿನ 32 ಶಾಸಕರೂ ಉತ್ತರ ಪ್ರದೇಶದ 403 ಶಾಸಕರೂ ಸಮವಾಗುತ್ತಾರೆ. ಅದು ಅತಿಯಾಯಿತು. ಮೇಲಾಗಿ ಸರಾಸರಿಗಿಂತ ದೊಡ್ಡದಾದ ಕರ್ನಾಟಕವೂ ಅದರಲ್ಲಿ ಕಳೆದುಕೊಳ್ಳುತ್ತದೆ.

ಆದ್ದರಿಂದ ನನ್ನ ಸಲಹೆ ನಡುವಿನ ದಾರಿಯದು. ಸಂಸತ್ತಿನ ಅರ್ಧ ಜನರದು. ಅದು ಹೊಸ ಜನಗಣತಿಯಂತೆ ನಡೆಯಲಿ. ಉತ್ತರ ಪ್ರದೇಶದ ಒಬ್ಬ ಶಾಸಕರು 2011ರ ಲೆಕ್ಕಕ್ಕೇ ಐದು ಲಕ್ಷದ ಹತ್ತಿರ ಜನರ ಪ್ರತಿನಿಧಿ. ಅವರಿಗೆ 208ರ ಬೆಲೆ ಕಟ್ಟಿ ಕೂರಿಸಿದ್ದೇವೆ. ಅಲ್ಲಿ ಹುಟ್ಟಿದ ಮಗುವಿಗೆ ಕಡಿಮೆ ಬೆಲೆ ಎನ್ನುವುದನ್ನು ಎಂದೆಂದಿಗೂ ಸಮರ್ಥಿಸಲಾಗದು, ಅದಕ್ಕೆ ಎಲ್ಲೋ ಒಂದು ಕಡೆ ಪರಿಹಾರ ಸಿಗಬೇಕು. ಸಂಸತ್ತಿನ ಅರ್ಧದಲ್ಲಿ ಸಿಗಲಿ. ರಾಜ್ಯಗಳ ಅರ್ಧವನ್ನು ಮಾತ್ರ 1971ರಲ್ಲಿ ನೆಲೆನಿಂತ ಪಾಲುಗಳ ಮೇಲೆಯೇ ಕಾಯಂ ಆಗಿ ಬಿಡಬೇಕು. 55ನೆಯ ವಿಧಿ ರಾಜ್ಯರಾಜ್ಯಗಳ ನಡುವೆ ಏಕರೂಪತೆ ಬೇಕು ಎನ್ನುತ್ತದಲ್ಲ ಎಂದು ಕಾನೂನು ಬಲ್ಲವರು ಆಕ್ಷೇಪಿಸಬಹುದು. ನಿಜ. ಆದರೆ ಅದೇ ವಿಧಿ ಸಾಧ್ಯವಾದಷ್ಟು ಮಟ್ಟಿಗೆ ಎಂದೂ ಸೇರಿಸಿದೆ. ಅರ್ಧ ಶತಮಾನದಿಂದ ಆ ಸಡಿಲಿಕೆಯಲ್ಲೇ ನಾವು ಚುನಾವಣೆ ನಡೆಸಿದ್ದೇವೆ, ಒಕ್ಕೂಟ ಮುರಿದುಬಿದ್ದಿಲ್ಲ.

ಎರಡನೆಯ ದೋಷ 61ನೆಯ ವಿಧಿಯಲ್ಲಿದೆ. ಸಂವಿಧಾನವನ್ನು ಉಲ್ಲಂಘಿಸಿದ ರಾಷ್ಟ್ರಪತಿಯನ್ನು ಮಹಾಭಿಯೋಗದಿಂದ ಕೆಳಗಿಳಿಸುವ ಅಧಿಕಾರ ಸಂಸತ್ತಿನ ಎರಡು ಸದನಗಳಿಗೆ ಮಾತ್ರ. ಆರಿಸುವಾಗ ಮತವಿಲ್ಲದ ನಾಮಕರಣ ಸದಸ್ಯರಿಗೆ ಇಳಿಸುವಾಗ ಮತವಿದೆ. ಆರಿಸುವಾಗ ಅರ್ಧ ಪಾಲು ಹೊತ್ತ ವಿಧಾನಸಭೆಗಳಿಗೆ ಇಳಿಸುವಾಗ ಒಂದು ಮಾತೂ ಇಲ್ಲ. ರಾಷ್ಟ್ರಪತಿಯೊಬ್ಬರು ಕೇಂದ್ರದ ವಿರುದ್ಧ ರಾಜ್ಯಗಳ ಪರವಾಗಿ ನಿಂತರೆ ಅವರನ್ನು ಕಾಯುವವರು ಯಾರು? ಇದುವರೆಗೆ ಯಾವ ರಾಷ್ಟ್ರಪತಿಯೂ ಮಹಾಭಿಯೋಗಕ್ಕೆ ಗುರಿಯಾಗಿಲ್ಲ, ಆದ್ದರಿಂದ ಇದು ಕಣ್ಣಿಗೆ ಬಿದ್ದಿಲ್ಲ. ಸಂಸತ್ತಿನ ನಿರ್ಣಯಕ್ಕೆ ಅರ್ಧದಷ್ಟು ವಿಧಾನಸಭೆಗಳ ಅನುಮೋದನೆ ಬೇಕೆಂದು ಸೇರಿಸಿದರೆ ಸಾಕು.

ಮೂರನೆಯದು ವಿಸರ್ಜಿತ ವಿಧಾನಸಭೆಗಳ ಪ್ರಶ್ನೆ. 1974ರಲ್ಲಿ ಗುಜರಾತ್ ವಿಧಾನಸಭೆ ವಿಸರ್ಜನೆಯಾಗಿತ್ತು. ಅದಿಲ್ಲದೆಯೇ ಚುನಾವಣೆ ನಡೆಯಬೇಕು ಎಂದು ಸುಪ್ರೀಂ ಕೋರ್ಟ್ ಅಭಿಪ್ರಾಯ ಕೊಟ್ಟಿತು. 2022ರಲ್ಲಿ ಜಮ್ಮು ಮತ್ತು ಕಾಶ್ಮೀರಕ್ಕೆ ವಿಧಾನಸಭೆ ಇರಲಿಲ್ಲ. 2017ರಲ್ಲಿ ಎಣಿಕೆಗೆ ಬಂದಿದ್ದ ಅದರ 6,264 ಇಲ್ಲವಾಗಿ, ಸಂಸದರ ಮತದ ಬೆಲೆಯೂ 708ರಿಂದ 700ಕ್ಕೆ ಇಳಿಯಿತು. ಇದರೊಳಗೊಂದು ಅಪಾಯವಿದೆ. 1977ರಲ್ಲಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡ ಮೇಲೆ ಫೆಬ್ರುವರಿಯಿಂದ ಜುಲೈ ತನಕ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ನಮ್ಮ ಜಮಖಂಡಿ ಸೀಮೆಯ ಬಿ.ಡಿ. ಜತ್ತಿ. ಆಗಷ್ಟೇ ಅಧಿಕಾರಕ್ಕೆ ಬಂದಿದ್ದ ಜನತಾ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸಿ ಎಂದು ಸಲಹೆ ಕೊಟ್ಟಾಗ ಜತ್ತಿಯವರು ಹಿಂದೆಮುಂದೆ ನೋಡಿ ಕೊನೆಗೆ ಅಂಕಿತ ಹಾಕಿದರು. ಆ ಒಂಬತ್ತು ಸಭೆಗಳ ಸದಸ್ಯರೇ ಕೆಲವು ತಿಂಗಳಲ್ಲಿ ಹೊಸ ರಾಷ್ಟ್ರಪತಿಯನ್ನು ಆರಿಸಬೇಕಾದವರೂ ಆಗಿದ್ದರು. ಕೇಂದ್ರಕ್ಕೆ ರಾಷ್ಟ್ರಪತಿಯ ಮತದಾರರನ್ನೇ ಬದಲಾಯಿಸುವ ಶಕ್ತಿ ಇರಬಾರದು. ವಿಧಾನಸಭೆ ಇಲ್ಲದ ರಾಜ್ಯದ ತೂಕವನ್ನು ಆ ರಾಜ್ಯದಿಂದಲೇ ಆರಿಸಿಬಂದ ಸಂಸದರಿಗೆ ಹಂಚಿಕೊಟ್ಟರೆ ರಾಜ್ಯದ ಪಾಲು ಉಳಿಯುತ್ತದೆ, ವಿಸರ್ಜಿಸಿದವರಿಗೆ ಲಾಭವೂ ಸಿಗದು.

ಅಭ್ಯರ್ಥಿಗೆ 50 ಸೂಚಕರು, 50 ಅನುಮೋದಕರು, 15,000 ರೂಪಾಯಿ ಠೇವಣಿ ಬೇಕೆಂಬ 1997ರ ನಿಯಮದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 1967ರಲ್ಲಿ ಹದಿನೇಳು ಮಂದಿ ನಿಂತು ಒಂಬತ್ತು ಮಂದಿ ಒಂದು ಮತವನ್ನೂ ಪಡೆಯದಿದ್ದುದನ್ನು ನೋಡಿದರೆ ಕಟ್ಟುಪಾಡು ಬೇಕಿತ್ತು ಎನಿಸುತ್ತದೆ. ಒಂದು ತಿದ್ದುಪಡಿ ಮಾತ್ರ ಸೂಚಿಸಬಹುದು: ಆ ನೂರು ಸಹಿಗಳು ಕನಿಷ್ಠ ಐದಾರು ರಾಜ್ಯಗಳಿಂದ ಬರಲಿ.

54 ಮತ್ತು 55ನೆಯ ವಿಧಿಗಳನ್ನು ತಿದ್ದಬೇಕಾದರೆ ಸಂಸತ್ತಿನ ವಿಶೇಷ ಬಹುಮತದ ಜೊತೆಗೆ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳ ಒಪ್ಪಿಗೆಯೂ ಬೇಕೆಂದು 368ನೆಯ ವಿಧಿ ಹೇಳುತ್ತದೆ. 61ನೆಯ ವಿಧಿ ಆ ಪಟ್ಟಿಯಲ್ಲಿಲ್ಲ ಎಂಬುದನ್ನೂ ಗಮನಿಸಿ. ಲೋಕಸಭೆಯ ಸ್ಥಾನಗಳ ಬಗ್ಗೆ ದಕ್ಷಿಣದ ರಾಜ್ಯಗಳಲ್ಲಿ ಸಾಕಷ್ಟು ಗದ್ದಲವಿದೆ. ಅದೇ ಜನಗಣತಿಯಿಂದ ರಾಷ್ಟ್ರಪತಿ ಚುನಾವಣೆಯ ತೂಕವೂ ಬದಲಾಗುತ್ತದೆ ಎಂಬ ಮಾತು ಅದರಲ್ಲಿ ಕೇಳಿಬರುವುದು ಕಡಿಮೆ. ಅಂಕಿಗಳು ಪ್ರಕಟವಾದ ಮೇಲೆ ಹೊಸ ಹಂಚಿಕೆಯಲ್ಲಿ ಲಾಭ ಪಡೆದ ರಾಜ್ಯಗಳು ಯಾಕಾದರೂ ಒಪ್ಪಿಯಾವು? ಕರ್ನಾಟಕ ವಿಧಾನಸಭೆ ಅದಕ್ಕೆ ಮೊದಲೇ ಈ ವಿಷಯವನ್ನು ಚರ್ಚೆಗೆ ತಂದು, ನಿರ್ಣಯ ಮಾಡಿ, ಉಳಿದ ರಾಜ್ಯಗಳಿಗೆ ಕಳಿಸಬೇಕು.

ಕೊಳ್ಳೇಗಾಲ, ಹನೂರು, ಯಳಂದೂರು ಎಂಬ ಈ ಮೂರು ತಾಲ್ಲೂಕುಗಳಿಗೆ ಇಬ್ಬರು ಶಾಸಕರಿದ್ದಾರೆ. ಇಬ್ಬರ ಮತ ಸೇರಿ 262. ಅವರು ಊರಿಗೆ ಬಂದಾಗ ರಸ್ತೆ, ಕುಡಿಯುವ ನೀರು, ಆನೆ ಹಾವಳಿಯ ಮಾತು ಮುಗಿಸಿದ ಮೇಲೆ, ದಯವಿಟ್ಟು ಈ ಲೆಕ್ಕವನ್ನೂ ಅವರ ಮುಂದಿಡಿ. ಸದನದಲ್ಲಿ ಕೇಳಲು ಅವರಿಗೆ ಒಂದು ಪ್ರಶ್ನೆ ಬರೆದುಕೊಡಿ.